ನೆಟ್ ನಿಧಾನ ಇದ್ದರೂ ಆಟ ಬಿಡಬೇಕಾಗಿಲ್ಲ: ಶ್ರೀನಿವಾಸಪುರದ ಹಳ್ಳಿಮನೆಯಲ್ಲಿ ನಾವು ಆಡುವ ರೀತಿ

ಆನ್‌ಲೈನ್ ಆಟಕ್ಕೆ ಜಾಸ್ತಿ ಸ್ಪೀಡ್ ಬೇಕಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದ್ರೆ ನಮ್ಮ ಕಡೆ ಎಷ್ಟೋ ಹುಡುಗರು, ಹುಡುಗಿಯರು "ನಮ್ಮೂರಲ್ಲಿ ನೆಟ್ ಸರಿಯಿಲ್ಲ, ಆಡಕ್ಕಾಗಲ್ಲ" ಅಂತ ಆಸೆಯನ್ನೇ ಬಿಟ್ಟಿದ್ದಾರೆ. ಐದೈದು ಜನರ ಎರಡು ತಂಡ ಕಾದಾಡುವ ಡೋಟಾ 2 ತರಹದ ಆಟವನ್ನು ಒಂದು ಗಂಟೆ ಆಡಿದರೂ ಸಾಮಾನ್ಯವಾಗಿ 200 ಎಂಬಿ ಒಳಗೇ ಮುಗಿಯುತ್ತದೆ. ಅಷ್ಟು ಡೇಟಾ ಸಾಗಿಸಲು 1 ಎಂಬಿಪಿಎಸ್ (ಸೆಕೆಂಡಿಗೆ 1 ಮೆಗಾಬಿಟ್) ಸ್ಪೀಡ್ ಇದ್ದರೂ ಸಾಕು.

ನಾನಿರುವುದು ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲೂಕಿನ ಒಂದು ಹಳ್ಳಿಯಲ್ಲಿ. ಮನೆ ಸುತ್ತ ಮಾವಿನ ತೋಪು. ಹಗಲು ಮನೆಯಿಂದಲೇ ಅಂಗಡಿಗಳ ಲೆಕ್ಕಪತ್ರ ಬರೆಯುತ್ತೇನೆ, ರಾತ್ರಿ ಬೆಂಗಳೂರಿನಲ್ಲಿರುವ ತಮ್ಮನ ಜೊತೆ ಡೋಟಾ ಆಡುತ್ತೇನೆ. ನೆಟ್ ಅಂದರೆ ಫೋನಿನ 4ಜಿ, ಅಷ್ಟೇ. ಹಗಲು 4 ಎಂಬಿಪಿಎಸ್ ಆಸುಪಾಸು ಸಿಗುತ್ತದೆ, ಸಂಜೆಯಾದರೆ 1ಕ್ಕೆ ಇಳಿಯುತ್ತದೆ. ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಬೇಕಾದರೆ ಕನಿಷ್ಠ 2 ಎಂಬಿಪಿಎಸ್ ಇರಬೇಕು ಅಂತ ಕೇಂದ್ರ ಸರ್ಕಾರ 2023ರಲ್ಲಿ ಮಿತಿ ಏರಿಸಿತು. ಅದಕ್ಕೆ ಮೊದಲು 512 ಕೆಬಿಪಿಎಸ್ ಇತ್ತು. ಸಂಜೆ ಹೊತ್ತು ನಮ್ಮ ನೆಟ್ ಹೊಸ ಲೆಕ್ಕಕ್ಕೆ ಸೇರುವುದಿಲ್ಲ. ಆದರೂ ಆಡುತ್ತೇವೆ, ಚೆನ್ನಾಗಿಯೇ ಆಡುತ್ತೇವೆ.

ಆಟವನ್ನು ಇಳಿಸಿಕೊಳ್ಳುವುದು ಒಂದು ಕಷ್ಟ, ಆಡುವುದು ಇನ್ನೊಂದು ಕಷ್ಟ. ಎರಡಕ್ಕೂ ಮದ್ದು ಬೇರೆ ಬೇರೆ. ಆಡುವುದರಿಂದ ಶುರು ಮಾಡೋಣ.

ಪಿಂಗ್ ನೋಡುವುದನ್ನು ಕಲಿಯಿರಿ

ನೀವು ಬಟನ್ ಒತ್ತಿದ ಸುದ್ದಿ ಸರ್ವರ್‌ಗೆ ಹೋಗಿ, ಅದರ ಉತ್ತರ ವಾಪಸ್ ಬರಲು ಹಿಡಿಯುವ ಸಮಯವೇ ಪಿಂಗ್. ಮಿಲಿಸೆಕೆಂಡ್ ಲೆಕ್ಕದಲ್ಲಿ ಹೇಳುತ್ತಾರೆ. 50ರ ಒಳಗಿದ್ದರೆ ಯಾವ ಆಟವಾದರೂ ಸರಿ. 100ರ ತನಕ ಬಹಳಷ್ಟು ಆಟ ಆರಾಮಾಗಿ ಆಡಬಹುದು. 150 ದಾಟಿದರೆ ಗುಂಡು ಹಾರಿಸುವ ಆಟಗಳಲ್ಲಿ ಎದುರಿನವನು ನಿಮಗಿಂತ ಮೊದಲೇ ನಿಮ್ಮನ್ನು ನೋಡಿರುತ್ತಾನೆ.

ಸ್ಪೀಡ್ ಟೆಸ್ಟ್ ಆ್ಯಪ್ ತೋರಿಸುವ ದೊಡ್ಡ ಅಂಕಿಯನ್ನು ಬಿಟ್ಟುಬಿಡಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ಪಿಂಗ್ ಅಂತ ಬರೆದು, ಒಂದು ಸ್ಪೇಸ್ ಬಿಟ್ಟು 8.8.8.8 ಅಂತ ಬರೆಯಿರಿ (ಅದು ಗೂಗಲ್‌ನ ಒಂದು ಸರ್ವರ್‌ನ ವಿಳಾಸ). ಮತ್ತೊಂದು ಸ್ಪೇಸ್ ಬಿಟ್ಟು ಸಣ್ಣ ಅಡ್ಡಗೆರೆ, ಅದಕ್ಕೆ ಅಂಟಿಕೊಂಡಂತೆ ಟಿ ಅಕ್ಷರ ಹಾಕಿ ಎಂಟರ್ ಒತ್ತಿ. ನೀವು ನಿಲ್ಲಿಸುವ ತನಕ ಸಾಲು ಸಾಲಾಗಿ ಅಂಕಿ ಬರುತ್ತಲೇ ಇರುತ್ತದೆ. ಕಂಟ್ರೋಲ್ ಜೊತೆ ಸಿ ಒತ್ತಿದರೆ ನಿಲ್ಲುತ್ತದೆ.

ಇಲ್ಲಿ ಅಂಕಿ ಎಷ್ಟು ಚಿಕ್ಕದು ಅನ್ನುವುದಕ್ಕಿಂತ ಎಷ್ಟು ಒಂದೇ ಸಮ ಇದೆ ಅನ್ನುವುದು ಮುಖ್ಯ. 110, 112, 109, 111 ಅಂತ ಬರುತ್ತಿದ್ದರೆ ನಿಶ್ಚಿಂತೆಯಾಗಿ ಆಡಿ, ಕೈ ಅದಕ್ಕೆ ಹೊಂದಿಕೊಳ್ಳುತ್ತದೆ. 40, 45, 380, 50, 610 ಅಂತ ಕುಣಿಯುತ್ತಿದ್ದರೆ ಸ್ಪೀಡ್ ಎಷ್ಟಿದ್ದರೂ ಆಟ ಹಾಳು. ನಡುವೆ 'ರಿಕ್ವೆಸ್ಟ್ ಟೈಮ್ಡ್ ಔಟ್' ಅಂತ ಬಂದರೆ ಉತ್ತರ ವಾಪಸ್ ಬರಲೇ ಇಲ್ಲ ಅಂತ ಅರ್ಥ.

ಒಂದು ವೇಳೆ ಮನೆಯಲ್ಲಿ ವೈಫೈ ರೌಟರ್ ಇದ್ದರೆ, ಮೊದಲು ಆ ರೌಟರ್‌ಗೇ ಪಿಂಗ್ ಮಾಡಿ. ಬಹಳ ಕಡೆ ಅದರ ವಿಳಾಸ 192.168.1.1 ಅಥವಾ 192.168.0.1 ಇರುತ್ತದೆ. ಅಲ್ಲಿ ಎರಡು ಮೂರು ಮಿಲಿಸೆಕೆಂಡ್ ಬರಬೇಕು. ಅಲ್ಲೇ 80, 150 ಅಂತ ಹಾರುತ್ತಿದ್ದರೆ ಕಷ್ಟ ಹೊರಗಿನ ನೆಟ್‌ನದ್ದಲ್ಲ, ನಿಮ್ಮ ಗೋಡೆಯೊಳಗಿನದ್ದು. ಒಂದು ಲ್ಯಾನ್ ಕೇಬಲ್ ಎಳೆದುಕೊಂಡರೆ ಮುಗಿಯಿತು. ಕೇಬಲ್ ಆಗದಿದ್ದರೆ 5 ಗಿಗಾಹರ್ಟ್ಸ್ ವೈಫೈಗೆ ಬದಲಾಯಿಸಿ, ರೌಟರ್ ಇರುವ ಕೋಣೆಯಲ್ಲೇ ಕೂತು ಆಡಿ.

ಇನ್ನೊಂದು ಮಾತು. ಎಲ್ಲ ತಡವರಿಕೆಯೂ ನೆಟ್‌ನಿಂದಲೇ ಆಗುವುದಿಲ್ಲ. ಪರದೆ ಪೂರ್ತಿ, ಮೌಸ್ ಸಮೇತ ತಡೆದು ತಡೆದು ಓಡಿದರೆ ಅದು ಕಂಪ್ಯೂಟರ್‌ನ ಸುಸ್ತು. ಗ್ರಾಫಿಕ್ಸ್ ಕಡಿಮೆ ಮಾಡಿದರೆ ಸರಿಹೋಗುತ್ತದೆ. ಪರದೆ ನುಣ್ಣಗೆ ಓಡುತ್ತಿದ್ದು, ನಿಮ್ಮ ಪಾತ್ರ ಮಾತ್ರ ಮುಂದೆ ಹೋಗಿ ಮತ್ತೆ ಹಿಂದಕ್ಕೆ ಎಳೆದುಕೊಂಡರೆ ಅದು ನೆಟ್. ಡೋಟಾದ ಸೆಟ್ಟಿಂಗ್ಸ್‌ನಲ್ಲಿ 'ಡಿಸ್‌ಪ್ಲೇ ನೆಟ್‌ವರ್ಕ್ ಇನ್ಫರ್ಮೇಷನ್' ಆನ್ ಮಾಡಿಕೊಳ್ಳಿ. ಪಿಂಗ್ ಎಷ್ಟು, ದಾರಿಯಲ್ಲಿ ಎಷ್ಟು ಡೇಟಾ ಕಳೆದುಹೋಗುತ್ತಿದೆ ಎಲ್ಲ ಮೂಲೆಯಲ್ಲಿ ಕಾಣುತ್ತಿರುತ್ತದೆ.

ದಾರಿಗೆ ಅಡ್ಡ ನಿಂತಿರುವುದು ಯಾರು?

ನಿಧಾನದ ನೆಟ್‌ನಲ್ಲಿ ಆಟ ಕೆಡಿಸುವ ದೊಡ್ಡ ಕಾರಣ ಇದೇ. ಬೆಳಗ್ಗೆ ಹಾಲಿನ ಡೈರಿಗೆ ಹೋದವರಿಗೆ ಗೊತ್ತು. ನಿಮ್ಮ ಕೈಯಲ್ಲಿರುವುದು ಒಂದು ಲೀಟರ್ ಹಾಲು. ಮುಂದೆ ನಿಂತವರು ನಾಲ್ಕು ಕ್ಯಾನ್ ಇಟ್ಟುಕೊಂಡಿದ್ದಾರೆ. ಅವರದು ಅಳೆದು, ಫ್ಯಾಟ್ ನೋಡಿ, ಚೀಟಿ ಬರೆಯುವ ತನಕ ನೀವು ಕಾಯಲೇಬೇಕು. ಆಟದ ಡೇಟಾ ಆ ಒಂದು ಲೀಟರ್. ಮನೆಯಲ್ಲಿ ಯಾರೋ ವಿಡಿಯೊ ಕಳಿಸುತ್ತಿದ್ದರೆ, ಯಾವುದೋ ಅಪ್‌ಡೇಟ್ ಇಳಿಯುತ್ತಿದ್ದರೆ, ಅವೇ ಆ ಕ್ಯಾನ್‌ಗಳು.

ಚಿಕ್ಕಮ್ಮನ ಮಗಳು ಬೇಸಿಗೆ ರಜೆಗೆ ಬಂದಿದ್ದಾಗ ಇದನ್ನು ಕಣ್ಣಾರೆ ನೋಡಿದೆ. ಆಟದ ಪಕ್ಕದಲ್ಲಿ ಪಿಂಗ್ ಕಿಟಕಿ ತೆರೆದಿಟ್ಟಿದ್ದೆ. 62, 58, 65 ಅಂತ ಚೆನ್ನಾಗಿ ಬರುತ್ತಿತ್ತು. ಇದ್ದಕ್ಕಿದ್ದಂತೆ 340, 780, 1100, ಆಮೇಲೆ ಟೈಮ್ಡ್ ಔಟ್. ಎದ್ದು ಹೋಗಿ ನೋಡಿದರೆ ಅವಳು ಫೋನ್ ಮುಟ್ಟಿಯೇ ಇರಲಿಲ್ಲ, ಅಡುಗೆಮನೆಯಲ್ಲಿ ಅಮ್ಮನ ಜೊತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಫೋನ್ ಮಾತ್ರ ನನ್ನ ಹಾಟ್‌ಸ್ಪಾಟ್‌ಗೆ ಸೇರಿಕೊಂಡಿತ್ತು. ಮಧ್ಯಾಹ್ನ ತೋಪಿನಲ್ಲಿ ತೆಗೆದ ಫೋಟೊ, ವಿಡಿಯೊಗಳನ್ನೆಲ್ಲ ತನ್ನಷ್ಟಕ್ಕೆ ತಾನೇ ಬ್ಯಾಕಪ್ ಮಾಡುತ್ತಿತ್ತು. 'ವೈಫೈ ಸಿಕ್ಕಾಗ ಮಾತ್ರ ಬ್ಯಾಕಪ್' ಅಂತ ಅವಳು ಇಟ್ಟಿದ್ದ ಸೆಟ್ಟಿಂಗ್‌ಗೆ ನನ್ನ ಹಾಟ್‌ಸ್ಪಾಟ್ ಕೂಡ ವೈಫೈಯೇ ಅಲ್ವಾ! "ಅಕ್ಕಾ, ನಾನೇನೂ ಮಾಡ್ತಿಲ್ಲ" ಅಂದಳು. ನಿಜವೇ. ಬ್ಯಾಕಪ್ ನಿಲ್ಲಿಸಿದ ಮರುಗಳಿಗೆಯೇ ಅಂಕಿ ಮತ್ತೆ 60ಕ್ಕೆ ಬಂತು.

ಮೊಬೈಲ್ ನೆಟ್‌ನಲ್ಲಿ ಮೇಲಕ್ಕೆ ಕಳಿಸುವ ದಾರಿ ಇಳಿಸಿಕೊಳ್ಳುವ ದಾರಿಗಿಂತ ಕಿರಿದು. ಹಾಗಾಗಿ ಬ್ಯಾಕಪ್, ವಾಟ್ಸಾಪ್ ವಿಡಿಯೊ, ವಿಡಿಯೊ ಕಾಲ್ ಇವು ಮೂರೂ ಆಟಕ್ಕೆ ಬಹಳ ಕೆಟ್ಟವು. ಆಡುವ ಹೊತ್ತಿಗೆ ಹಾಟ್‌ಸ್ಪಾಟ್‌ನಲ್ಲಿ ನಿಮ್ಮ ಕಂಪ್ಯೂಟರ್ ಒಂದೇ ಇರಲಿ.

ಇನ್ನು ಕಂಪ್ಯೂಟರ್ ಒಳಗಿನ ಕಳ್ಳರು. ವಿಂಡೋಸ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್‌ಗೆ ಹೋಗಿ, ನಿಮ್ಮ ಕನೆಕ್ಷನ್ ಮೇಲೆ ಒತ್ತಿ, 'ಮೀಟರ್ಡ್ ಕನೆಕ್ಷನ್' ಆನ್ ಮಾಡಿ. ಇದೊಂದು ಮಾಡಿದರೆ ವಿಂಡೋಸ್‌ನ ದೊಡ್ಡ ಅಪ್‌ಡೇಟ್‌ಗಳು ಬಹುಮಟ್ಟಿಗೆ ನಿಮ್ಮನ್ನು ಕೇಳದೆ ಇಳಿಯುವುದಿಲ್ಲ. 'ಡೆಲಿವರಿ ಆಪ್ಟಿಮೈಸೇಷನ್' ಅಂತ ಒಂದಿದೆ. ನೀವು ಇಳಿಸಿಕೊಂಡ ಅಪ್‌ಡೇಟನ್ನು ಬೇರೆ ಕಂಪ್ಯೂಟರ್‌ಗಳಿಗೆ ಹಂಚುವ ವ್ಯವಸ್ಥೆ ಅದು, ನಮಗೆ ಬೇಡ, ಆಫ್ ಮಾಡಿ. ಫೈಲ್‌ಗಳನ್ನು ನೆಟ್‌ಗೆ ಬ್ಯಾಕಪ್ ಮಾಡುವ ಒನ್‌ಡ್ರೈವ್ ಇದ್ದರೆ ತಾತ್ಕಾಲಿಕವಾಗಿ ನಿಲ್ಲಿಸಿ. ಆಟ ಕೊಳ್ಳುವ, ಇಳಿಸಿಕೊಳ್ಳುವ ಪ್ರೋಗ್ರಾಂ ಆದ ಸ್ಟೀಮ್‌ನ ಡೌನ್‌ಲೋಡ್ಸ್ ಪುಟದಲ್ಲಿ 'ಅಲೋ ಡೌನ್‌ಲೋಡ್ಸ್ ಡ್ಯೂರಿಂಗ್ ಗೇಮ್‌ಪ್ಲೇ' ಆಫ್ ಇರಲಿ. ಆದರೂ ಯಾರೋ ಎಳೆಯುತ್ತಿದ್ದಾರೆ ಅನ್ನಿಸಿದರೆ 'ರಿಸೋರ್ಸ್ ಮಾನಿಟರ್' ತೆರೆದು ನೆಟ್‌ವರ್ಕ್ ಟ್ಯಾಬ್ ನೋಡಿ. ಯಾವ ಪ್ರೋಗ್ರಾಂ ಎಷ್ಟು ತಿನ್ನುತ್ತಿದೆ ಅಂತ ಹೆಸರು ಸಮೇತ ಸಿಗುತ್ತದೆ.

ಮನೆಯವರಿಗೆ ನೆಟ್ ನಿಲ್ಲಿಸಿ ಅಂತ ಹೇಳಲು ಆಗದಿದ್ದರೆ, ರೌಟರ್‌ನಲ್ಲಿ 'ಎಸ್‌ಕ್ಯುಎಂ' ಅನ್ನುವ ಸೌಲಭ್ಯ ಇದೆಯಾ ನೋಡಿ. ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿದ ರೌಟರ್‌ಗಳಲ್ಲಿ ಇದನ್ನು ಸೇರಿಸಿಕೊಳ್ಳಬಹುದು. ನಿಮಗೆ ನಿಜವಾಗಿ ಸಿಗುವ ಸ್ಪೀಡಿನ ನೂರಕ್ಕೆ 85ರಿಂದ 90ರಷ್ಟನ್ನು ಅಲ್ಲಿ ಮಿತಿಯಾಗಿ ಬರೆದರೆ, ಚಿಕ್ಕ ಚಿಕ್ಕ ಆಟದ ಡೇಟಾ ದೊಡ್ಡದರ ಹಿಂದೆ ಸಿಕ್ಕಿಕೊಳ್ಳುವುದು ತಪ್ಪುತ್ತದೆ. ಇದು ಫೈಬರ್ ತರಹದ ಒಂದೇ ಸಮ ಸ್ಪೀಡ್ ಇರುವ ಕಡೆ ಚೆನ್ನಾಗಿ ಕೆಲಸ ಮಾಡುತ್ತದೆ. 4ಜಿಯಲ್ಲಿ ಸ್ಪೀಡ್ ಗಳಿಗೆಗೊಂದು ತರಹ ಇರುವುದರಿಂದ ಅಷ್ಟು ಸಹಾಯ ಆಗುವುದಿಲ್ಲ.

ಫೋನೇ ನೆಟ್ ಆಗಿದ್ದರೆ

ಸಿಗ್ನಲ್ ಕಡ್ಡಿಗಳನ್ನು ನಂಬಬೇಡಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ 'ಅಬೌಟ್ ಫೋನ್' ಒಳಗೆ 'ಸಿಮ್ ಸ್ಟೇಟಸ್' ಅಂತ ಇರುತ್ತದೆ. ಅಲ್ಲಿ ಸಿಗ್ನಲ್ ಬಲ ಡಿಬಿಎಂ ಲೆಕ್ಕದಲ್ಲಿ, ಮೈನಸ್ ಅಂಕಿಯಾಗಿ ಕಾಣುತ್ತದೆ. ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು. ಮೈನಸ್ 90 ಚೆನ್ನಾಗಿದೆ, ಮೈನಸ್ 110 ದಾಟಿದರೆ ಕಷ್ಟ.

ಆ ಪುಟ ತೆರೆದುಕೊಂಡು ಮನೆಯೆಲ್ಲ ನಿಧಾನಕ್ಕೆ ಓಡಾಡಿ. ಒಂದೊಂದು ಜಾಗದಲ್ಲಿ ಅರ್ಧ ನಿಮಿಷ ನಿಲ್ಲಿ, ಅಂಕಿ ಬದಲಾಗಲು ಸ್ವಲ್ಪ ಹೊತ್ತು ಬೇಕು. ನಮ್ಮ ಮನೆಯ ಹಾಲ್‌ನಲ್ಲಿ ಮೈನಸ್ 113 ಇದೆ. ಮಹಡಿ ಮೆಟ್ಟಿಲು ತಿರುಗುವ ಕಡೆ ಒಂದು ಸಣ್ಣ ಕಿಟಕಿ ಇದೆ, ಅಲ್ಲಿ ಮೈನಸ್ 97. ಟವರ್ ಮತ್ತು ಮನೆಯ ನಡುವೆ ತೋಪು ಇದೆ, ಮಾವಿನ ಎಲೆ ದಟ್ಟ, ಸಿಗ್ನಲನ್ನು ಹೀರಿಕೊಳ್ಳುತ್ತದೆ. ಮೆಟ್ಟಿಲಿನ ಕಿಟಕಿ ಮರದ ತಲೆಗಿಂತ ಮೇಲಿದೆ, ಅಷ್ಟೇ ವ್ಯತ್ಯಾಸ. ಎತ್ತರ ಸಿಕ್ಕರೆ ಬಿಡಬೇಡಿ.

ಫೋನ್ ಅಲ್ಲಿ, ಲ್ಯಾಪ್‌ಟಾಪ್ ಇಲ್ಲಿ. ನಡುವೆ ವೈಫೈ ಹಾಟ್‌ಸ್ಪಾಟ್ ಬದಲು ಯುಎಸ್‌ಬಿ ಕೇಬಲ್ ಹಾಕಿ, 'ಯುಎಸ್‌ಬಿ ಟೆಥರಿಂಗ್' ಆನ್ ಮಾಡಿ. ಪಿಂಗ್ ಕುಣಿತ ಕಡಿಮೆಯಾಗುತ್ತದೆ. ಯುಎಸ್‌ಬಿ 2 ಕೇಬಲ್ ಐದು ಮೀಟರ್ ತನಕ ಸರಿ, ಅದಕ್ಕಿಂತ ಉದ್ದ ಬೇಕಾದರೆ ಅಂಗಡಿಯಲ್ಲಿ 'ಆಕ್ಟಿವ್ ಎಕ್ಸ್‌ಟೆನ್ಷನ್' ಅಂತ ಕೇಳಿ. ಟೆಥರಿಂಗ್ ಮಾಡುವಾಗ ಫೋನ್ ಚಾರ್ಜ್ ಕೂಡ ಆಗುವುದರಿಂದ ಬಿಸಿಯಾಗುತ್ತದೆ. ಬಿಸಿಯಾದ ಫೋನ್ ತನ್ನ ಕೆಲಸ ತಾನೇ ನಿಧಾನ ಮಾಡಿಕೊಳ್ಳುತ್ತದೆ. ಹಿಂದಿನ ಕವರ್ ತೆಗೆದು, ಬಿಸಿಲು ಬೀಳದ ಕಡೆ ಇಡಿ.

ಈಗಿನ ಫೋನ್‌ಗಳು 4ಜಿ, 5ಜಿ ನಡುವೆ ಆಗಾಗ ಹಾರುತ್ತವೆ. ಹಾರುವ ಆ ಗಳಿಗೆಯಲ್ಲಿ ಆಟ ತಡವರಿಸುತ್ತದೆ. 5ಜಿ ಗಟ್ಟಿಯಾಗಿ ಸಿಗದ ಊರಿನಲ್ಲಿ 'ಪ್ರಿಫರ್ಡ್ ನೆಟ್‌ವರ್ಕ್' ಅನ್ನುವಲ್ಲಿ 4ಜಿಗೆ ಕಟ್ಟಿಹಾಕಿ. ಎರಡು ಸಿಮ್ ಇರುವವರು ಇದನ್ನೂ ಗಮನಿಸಿ: ಬಹಳಷ್ಟು ಫೋನ್‌ಗಳಲ್ಲಿ ಎರಡನೇ ಸಿಮ್‌ಗೆ ಕಾಲ್ ಬಂದು ಮಾತಾಡುತ್ತಿದ್ದರೆ ಮೊದಲನೇ ಸಿಮ್‌ನ ಡೇಟಾ ನಿಂತುಹೋಗುತ್ತದೆ. ಆಟದ ಹೊತ್ತಿಗೆ ಆ ಸಿಮ್ ಆಫ್ ಮಾಡಿಡಿ. ಡೇಟಾ ಇರುವ ಸಿಮ್‌ನಲ್ಲಿ ವೋಲ್ಟಿಇ (4ಜಿಯಲ್ಲೇ ಕಾಲ್ ಮಾತಾಡುವ ಸೌಲಭ್ಯ) ಆನ್ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಕಾಲ್ ಬಂದ ಕೂಡಲೇ ಫೋನ್ 4ಜಿ ಬಿಟ್ಟು ಹಳೆಯ ನೆಟ್‌ವರ್ಕ್‌ಗೆ ಇಳಿಯುತ್ತದೆ.

ಹೊತ್ತು ನೋಡಿ ಆಡುವುದೂ ಮುಖ್ಯ. ಸಂಜೆ ಏಳರಿಂದ ಹತ್ತೂವರೆ ತನಕ ಊರೆಲ್ಲ ಫೋನ್ ಹಿಡಿದಿರುತ್ತದೆ. ನಮ್ಮಲ್ಲಿ ಮೇ, ಜೂನ್ ಬಂದರೆ ಇನ್ನೂ ಕಷ್ಟ. ಮಾವಿನ ಮಂಡಿಗೆ ಹೊರಗಿನ ವ್ಯಾಪಾರಿಗಳು, ಲಾರಿಯವರು ಬಂದು ಸೇರುತ್ತಾರೆ. ಟವರ್ ಅದೇ, ಫೋನ್ ಮಾತ್ರ ಜಾಸ್ತಿ. ನಾನು, ತಮ್ಮ ಆ ದಿನಗಳಲ್ಲಿ ಬೆಳಗಿನ ಜಾವ ಆಡುತ್ತೇವೆ. ಐದೂವರೆಗೆ ಎದ್ದರೆ ಹಾಲು ಕರೆಯುವ ಹೊತ್ತಿಗೆ ಒಂದು ಆಟ ಮುಗಿದಿರುತ್ತದೆ. ಪಿಂಗ್ ಕೂಡ ದಿನದಲ್ಲೇ ಚೆನ್ನಾಗಿರುವುದು ಆಗಲೇ.

ಆಟದ ಒಳಗೆ ಮಾಡಬೇಕಾದದ್ದು

ಸರ್ವರ್ ಹತ್ತಿರದ್ದನ್ನೇ ಆರಿಸಿ. ಡೋಟಾದಲ್ಲಿ ಆಟ ಹುಡುಕುವ ಮೊದಲು ರೀಜನ್ ಪಟ್ಟಿ ತೆರೆದು ಇಂಡಿಯಾ ಒಂದನ್ನೇ ಇಟ್ಟುಕೊಳ್ಳಿ. ಗುಂಡು ಹಾರಿಸುವ ಆಟ ವ್ಯಾಲರೆಂಟ್‌ಗೆ ಮುಂಬೈ ಸರ್ವರ್ ಇದೆ. ಬೆಳಕು ಫೈಬರ್ ಒಳಗೆ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಸಿಂಗಪುರ ಇಲ್ಲಿಂದ ಸುಮಾರು 3,000 ಕಿಲೋಮೀಟರ್. ನೇರ ಗೆರೆಯಲ್ಲಿ ಹೋಗಿ ಬಂದರೂ 30 ಮಿಲಿಸೆಕೆಂಡ್ ದಾರಿಗೇ ಖರ್ಚು. ಯುರೋಪಿನ ಸರ್ವರ್ ಆದರೆ ನಿಮ್ಮ ನೆಟ್ ಎಷ್ಟು ಒಳ್ಳೆಯದಿದ್ದರೂ 100 ದಾಟುವುದು ಸಹಜ.

ಸಂಪರ್ಕ ತಪ್ಪಿದರೆ ಗಾಬರಿ ಬೀಳಬೇಡಿ. ಡೋಟಾದಲ್ಲಿ ವಾಪಸ್ ಸೇರಿಕೊಳ್ಳಲು ಐದು ನಿಮಿಷ ಸಿಗುತ್ತದೆ. ಅಷ್ಟರಲ್ಲಿ ಬರದಿದ್ದರೆ ಮಾತ್ರ ಆಟ ಬಿಟ್ಟು ಓಡಿದವರ ಲೆಕ್ಕಕ್ಕೆ ಸೇರಿಸುತ್ತಾರೆ. ನಿಮ್ಮ ತಂಡದವರು ಎಫ್9 ಒತ್ತಿ ಆಟವನ್ನು ಸ್ವಲ್ಪ ಹೊತ್ತು ನಿಲ್ಲಿಸಲೂಬಹುದು. ಹಾಗಾಗಿ ಶುರುವಿನಲ್ಲೇ ಹೇಳಿಬಿಡಿ: ನಮ್ಮೂರಲ್ಲಿ ನೆಟ್ ಹೋಗಬಹುದು, ಒಂದು ನಿಮಿಷ ತಡೆಯಿರಿ. ಬಹಳಷ್ಟು ಜನ ತಡೆಯುತ್ತಾರೆ. ನೆಟ್ ಅಲುಗಾಡುವ ದಿನ ರ‍್ಯಾಂಕ್ಡ್ (ಸೋಲು ಗೆಲುವು ನಿಮ್ಮ ದರ್ಜೆಗೆ ಸೇರುವ ಆಟ) ಬೇಡ, ಟರ್ಬೊ ಆಡಿ. ಬೇಗ ಮುಗಿಯುತ್ತದೆ. ಐದು ಜನರ ತಂಡದಲ್ಲಿ ಉಳಿದ ನಾಲ್ವರ ಸಂಜೆಯೂ ನಿಮ್ಮ ನೆಟ್ ಮೇಲೆ ನಿಂತಿರುತ್ತದೆ ಅನ್ನುವುದು ನೆನಪಿರಲಿ.

ಮಾತಾಡಿಕೊಂಡು ಆಡಬೇಕಾದರೆ ಡೇಟಾ ಮೇಲೆ ಮಾತು ಹೊರಿಸಬೇಡಿ. ನಾವು ಇನ್ನೊಂದು ಫೋನಿನಿಂದ ಮಾಮೂಲಿ ಕಾಲ್ ಹಚ್ಚಿ, ಇಯರ್‌ಫೋನ್ ಹಾಕಿಕೊಂಡು ಕೂರುತ್ತೇವೆ. "ಅಕ್ಕಾ, ಮಿಡ್‌ಗೆ ಬಾ" ಅನ್ನುವುದು ಸ್ಪಷ್ಟವಾಗಿ ಕೇಳಿಸುತ್ತದೆ, ಆಟಕ್ಕೂ ತೊಂದರೆ ಇಲ್ಲ.

ಪಿಂಗ್ ಇಳಿಸುತ್ತೇವೆ ಅನ್ನುವ ಬೂಸ್ಟರ್ ಆ್ಯಪ್‌ಗಳಿಗೆ ದುಡ್ಡು ಹಾಕಬೇಡಿ. ಟವರ್ ತುಂಬಿದ್ದರೆ ಯಾವ ಆ್ಯಪ್ ಏನು ಮಾಡೀತು? ಡಿಎನ್‌ಎಸ್ (ವೆಬ್‌ಸೈಟ್ ಹೆಸರಿನಿಂದ ವಿಳಾಸ ಹುಡುಕಿಕೊಡುವ ಸೇವೆ) ಬದಲಾಯಿಸಿದರೂ ಆಟದೊಳಗಿನ ಪಿಂಗ್ ಬದಲಾಗುವುದಿಲ್ಲ. ಆಟ ದೂರದ ಸರ್ವರ್‌ನಲ್ಲಿ ಓಡಿ ನಮಗೆ ವಿಡಿಯೊ ಆಗಿ ಬರುವ ಕ್ಲೌಡ್ ಗೇಮಿಂಗ್ ನಮಗಲ್ಲ. ಅಂಥದ್ದೇ ಸೇವೆಯಾದ ಜಿಫೋರ್ಸ್ ನೌ 720ಪಿ ಗುಣಮಟ್ಟಕ್ಕೇ 15 ಎಂಬಿಪಿಎಸ್ ಕೇಳುತ್ತದೆ.

ಇಳಿಸಿಕೊಳ್ಳುವುದು

ಇಲ್ಲಿ ಮಾತ್ರ ಸ್ಪೀಡೇ ಎಲ್ಲ. 60 ಜಿಬಿ ಆಟವನ್ನು 4 ಎಂಬಿಪಿಎಸ್‌ನಲ್ಲಿ ಇಳಿಸಲು ಒಂದೇ ಸಮ ಓಡಿದರೂ 33 ಗಂಟೆ ಬೇಕು. ದಿನಕ್ಕೆ 2 ಜಿಬಿ ಕೊಡುವ ಪ್ಲಾನ್ ಆದರೆ ಪೂರ್ತಿ 30 ದಿನದ ಡೇಟಾ ಅದಕ್ಕೇ ಹೋಗುತ್ತದೆ. ಹಾಗಾಗಿ ದೊಡ್ಡ ಆಟ ಮನೆಯಲ್ಲಿ ಇಳಿಸುವ ಯೋಚನೆಯೇ ಬೇಡ.

ತಮ್ಮ ಬೆಂಗಳೂರಿನಲ್ಲಿ ಇಳಿಸಿ, ಹಾರ್ಡ್ ಡಿಸ್ಕ್‌ನಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತರುತ್ತಾನೆ. ಸ್ಟೀಮ್ ಫೋಲ್ಡರ್ ಒಳಗೆ 'ಸ್ಟೀಮ್ಆ್ಯಪ್ಸ್', ಅದರೊಳಗೆ 'ಕಾಮನ್' ಅಂತ ಇರುತ್ತದೆ. ಆಟದ ಹೆಸರಿನ ಫೋಲ್ಡರನ್ನು ಅಲ್ಲಿಂದ ಕಾಪಿ ಮಾಡಿ, ನಿಮ್ಮ ಕಂಪ್ಯೂಟರ್‌ನಲ್ಲೂ ಅದೇ ಜಾಗಕ್ಕೆ ಹಾಕಿ, ಆಮೇಲೆ ಸ್ಟೀಮ್‌ನಲ್ಲಿ ಇನ್‌ಸ್ಟಾಲ್ ಒತ್ತಿ. ಇರುವ ಫೈಲ್‌ಗಳನ್ನು ಅದೇ ಹುಡುಕಿಕೊಂಡು, ಕೊರತೆ ಇದ್ದಷ್ಟನ್ನು ಮಾತ್ರ ಇಳಿಸುತ್ತದೆ. ಆಟ ನಿಮ್ಮ ಅಕೌಂಟ್‌ನಲ್ಲೂ ಇರಬೇಕು ಅನ್ನುವುದು ಬೇರೆ ಹೇಳಬೇಕಾಗಿಲ್ಲ. ಪೆನ್‌ಡ್ರೈವ್ ಅಥವಾ ಡಿಸ್ಕ್ 'ಫ್ಯಾಟ್32' ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ. 'ಎಕ್ಸ್‌ಫ್ಯಾಟ್' ಅಥವಾ 'ಎನ್‌ಟಿಎಫ್‌ಎಸ್' ಮಾಡಿಕೊಂಡು ಕಳಿಸಿ. ಲ್ಯಾಪ್‌ಟಾಪ್ ತಂದಿದ್ದರೆ ಇನ್ನೂ ಸುಲಭ. ಎರಡನ್ನೂ ಒಂದೇ ನೆಟ್‌ವರ್ಕ್‌ಗೆ ಸೇರಿಸಿ, ಸ್ಟೀಮ್‌ನ ಡೌನ್‌ಲೋಡ್ಸ್ ಪುಟದಲ್ಲಿ 'ಗೇಮ್ ಫೈಲ್ ಟ್ರಾನ್ಸ್‌ಫರ್ ಓವರ್ ಲೋಕಲ್ ನೆಟ್‌ವರ್ಕ್' ಆನ್ ಮಾಡಿ. 2023ರಿಂದ ಈ ಸೌಲಭ್ಯ ಇದೆ. ಆಟದ ಫೈಲ್‌ಗಳು ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ನೇರ ಬರುತ್ತವೆ.

ಉಳಿಯುವುದು ಅಪ್‌ಡೇಟ್. ಆಟದ ಪ್ರಾಪರ್ಟೀಸ್‌ನಲ್ಲಿ, ಆಟ ತೆರೆದಾಗ ಮಾತ್ರ ಅಪ್‌ಡೇಟ್ ಆಗಲಿ ಅಂತ ಆರಿಸಬಹುದು. ಆಡುವ ಒಂದೆರಡು ಆಟ ಬಿಟ್ಟು ಉಳಿದ ಎಲ್ಲಕ್ಕೂ ಹಾಗೆ ಮಾಡಿ. ಆಡುವ ಆಟದ ಅಪ್‌ಡೇಟನ್ನು ನಾನು ರಾತ್ರಿ ಹನ್ನೊಂದರ ಮೇಲೆ ಹಚ್ಚುತ್ತೇನೆ. ಆ ದಿನದ ಡೇಟಾದಲ್ಲಿ ಉಳಿದದ್ದು ಹೇಗೂ ಹನ್ನೆರಡಕ್ಕೆ ಹೋಗಿಬಿಡುತ್ತದೆ, ಸುಮ್ನೆ ಯಾಕೆ ಬಿಡಬೇಕು? ಅರ್ಧಕ್ಕೆ ನಿಂತರೂ ನಾಳೆ ಅಲ್ಲಿಂದಲೇ ಮುಂದುವರಿಯುತ್ತದೆ. ಹನ್ನೆರಡು ದಾಟಿದ ಮೇಲೂ ಓಡಲು ಬಿಟ್ಟು ಮಲಗಬೇಡಿ, ನಾಳೆಯ ಡೇಟಾವನ್ನೂ ಬೆಳಗಾಗುವುದರೊಳಗೆ ಮುಗಿಸಿಬಿಡುತ್ತದೆ.

ನೆಟ್ ಇಲ್ಲವೇ ಇಲ್ಲದ ದಿನ

ಗಾಳಿಮಳೆಗೆ ಕರೆಂಟ್ ಹೋಗಿ, ಟವರ್ ಕೂಡ ಮಲಗುವ ದಿನಗಳಿರುತ್ತವೆ. ಅದಕ್ಕೆ ಮೊದಲೇ ಸಿದ್ಧವಾಗಿರಿ. ಸ್ಟೀಮ್‌ನಲ್ಲಿ ಪ್ರತಿ ಆಟವನ್ನೂ ನೆಟ್ ಇರುವಾಗ ಒಂದು ಸಲ ತೆರೆದು ಮುಚ್ಚಿರಿ. ಆಮೇಲೆ 'ಗೋ ಆಫ್‌ಲೈನ್' ಮಾಡಿದರೆ ಒಬ್ಬರೇ ಆಡುವ ಬಹಳಷ್ಟು ಆಟಗಳು ತೆರೆದುಕೊಳ್ಳುತ್ತವೆ. ಜಿಒಜಿ ಅನ್ನುವ ಆನ್‌ಲೈನ್ ಆಟದ ಅಂಗಡಿಯಲ್ಲಿ ಕೊಂಡ ಆಟಗಳಿಗೆ ಆಫ್‌ಲೈನ್ ಇನ್‌ಸ್ಟಾಲರ್ ಸಿಗುತ್ತದೆ, ಡಿಸ್ಕ್‌ನಲ್ಲಿ ಇಟ್ಟುಕೊಂಡರೆ ಯಾರ ಹಂಗೂ ಇಲ್ಲ. ಚಿಕ್ಕದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಸ್ಟಾರ್‌ಡ್ಯೂ ವ್ಯಾಲಿ. 1 ಜಿಬಿಯೂ ಇಲ್ಲ, ತಿಂಗಳುಗಟ್ಟಲೆ ಆಡಬಹುದು. ಬಿತ್ತುವುದು, ನೀರು ಹಾಯಿಸುವುದು, ಕೋಳಿ ಸಾಕುವುದು ಎಲ್ಲ ಇರುವುದರಿಂದ ಅಮ್ಮ ಕೂಡ ಪಕ್ಕ ಕೂತು ಯಾವ ಬೆಳೆ ಹಾಕಬೇಕು ಅಂತ ಹೇಳುತ್ತಾರೆ.

ಹಬ್ಬಕ್ಕೆ ನೆಂಟರು ಸೇರಿದಾಗ ಲ್ಯಾನ್ ಆಟಕ್ಕೆ ಸಮನಾದದ್ದು ಬೇರೆ ಇಲ್ಲ. ಇಂಟರ್ನೆಟ್ ಬೇಡ, ಒಂದು ರೌಟರ್ ಸಾಕು. ರೌಟರ್ ಇಲ್ಲದಿದ್ದರೆ ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ ಹಾಟ್‌ಸ್ಪಾಟ್ ಮಾತ್ರ ಆನ್ ಮಾಡಿ, ಎಲ್ಲ ಲ್ಯಾಪ್‌ಟಾಪ್‌ಗಳೂ ಅದಕ್ಕೆ ಸೇರಿಕೊಳ್ಳಲಿ. '0 ಎ.ಡಿ.' ಅನ್ನುವ ಸಾಮ್ರಾಜ್ಯ ಕಟ್ಟುವ ಆಟ ಪೂರ್ತಿ ಉಚಿತ, ಒಂದು ಸಲ ಇಳಿಸಿ ಪೆನ್‌ಡ್ರೈವ್‌ನಲ್ಲಿ ಎಲ್ಲರಿಗೂ ಹಂಚಬಹುದು. ಒಬ್ಬರು ಆಟ ಹೋಸ್ಟ್ ಮಾಡಿ ತಮ್ಮ ಐಪಿ ವಿಳಾಸ ಹೇಳಿದರೆ ಉಳಿದವರು ಸೇರಿಕೊಳ್ಳುತ್ತಾರೆ. ಮೈನ್‌ಕ್ರಾಫ್ಟ್ ಜಾವಾದಲ್ಲಿ 'ಓಪನ್ ಟು ಲ್ಯಾನ್' ಬಟನ್ ಇದೆ. ಸೇರಲು ಆಗದಿದ್ದರೆ ಮೊದಲು ನೋಡಬೇಕಾದದ್ದು ವಿಂಡೋಸ್ ಫೈರ್‌ವಾಲ್: ಹೋಸ್ಟ್ ಮಾಡುವವರ ಕಂಪ್ಯೂಟರ್‌ನಲ್ಲಿ ಆ ನೆಟ್‌ವರ್ಕನ್ನು 'ಪ್ರೈವೇಟ್' ಅಂತ ಗುರುತಿಸಿ, ಆಟಕ್ಕೆ ಅನುಮತಿ ಕೊಡಿ.